ಹೊಸರಿತ್ತಿಯ ಹುತಾತ್ಮ ಮೈಲಾರ ಮಹಾದೇವಪ್ಪ

ಹಾವೇರಿಯ ರೈಲು ನಿಲ್ದಾಣಕ್ಕೆ ಇಂದು ಮೈಲಾರ ಮಹಾದೇವಪ್ಪನವರ ಹೆಸರಿದೆ. 2018ರಲ್ಲಿ ಅಂಚೆ ಇಲಾಖೆಯು ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನೂ ಹೊರತಂದಿತು. ಆದರೆ ಆ ನಿಲ್ದಾಣದಲ್ಲಿ ಇಳಿದ ಮಗುವೊಂದು ಫಲಕವನ್ನು ಓದಿ, ಇವರು ಯಾರೆಂದು ಹಿರಿಯರನ್ನು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ಗಾಂಧೀಜಿಯವರೊಡನೆ ದಂಡಿಗೆ ನಡೆದವರು. ಉತ್ತರ ಸತ್ಯವೇ, ಆದರೆ ಅರ್ಧ ಸತ್ಯ. ಉಳಿದರ್ಧವನ್ನು ಹೇಳಲು ನಾವು ತುಸು ಹಿಂಜರಿಯುತ್ತೇವೆ.

ಮಹಾದೇವಪ್ಪನವರು ಜನಿಸಿದ್ದು 1911ರ ಜೂನ್ 8ರಂದು, ಆಗಿನ ಧಾರವಾಡ ಜಿಲ್ಲೆಯ ಮೋಟೆಬೆನ್ನೂರಿನಲ್ಲಿ. ಈಗ ಅದು ಹಾವೇರಿ ಜಿಲ್ಲೆಗೆ ಸೇರಿದೆ. ಖಾದಿಯ ಸೆಳೆತಕ್ಕೆ ಎಳೆಯ ವಯಸ್ಸಿನಲ್ಲಿಯೇ ಒಳಗಾಗಿ ಸಾಬರಮತಿಯ ಆಶ್ರಮವನ್ನು ಸೇರಿದ ಈ ತರುಣನನ್ನು, 1930ರ ಮಾರ್ಚ್ 12ರಂದು ಅಲ್ಲಿಂದ ಹೊರಟ ಪಾದಯಾತ್ರೆಗೆ ಗಾಂಧೀಜಿಯವರು ಆರಿಸಿಕೊಂಡರು. ಅನುಯಾಯಿಗಳು 78 ಮಂದಿ. ದಾರಿ ಸುಮಾರು 240 ಮೈಲು. ಅವಧಿ 24 ದಿನ. ಪ್ರಾಂತವಾರು ಪಟ್ಟಿಯನ್ನು 'ಯಂಗ್ ಇಂಡಿಯಾ' ಪತ್ರಿಕೆ ಪ್ರಕಟಿಸಿತು. ಅದರಲ್ಲಿ ಕರ್ನಾಟಕದ ಪಾಲಿಗೆ ಇದ್ದುದು ಒಂದೇ ಹೆಸರು, ಹದಿನೆಂಟು ವರುಷದ ಈ ಹುಡುಗನದು.

ಉಪ್ಪನ್ನೇ ಏಕೆ ಆರಿಸಿಕೊಂಡರೆಂದು ಅಂದಿನ ಕಾಂಗ್ರೆಸ್ಸಿನ ಹಿರಿಯರಲ್ಲಿಯೇ ಕೆಲವರಿಗೆ ಅಚ್ಚರಿಯಾಗಿತ್ತು. ಸಮುದ್ರ ತಾನಾಗಿ ದಡಕ್ಕೆ ತಂದಿಟ್ಟ ಉಪ್ಪನ್ನು ಎತ್ತಿಕೊಳ್ಳುವುದು 1882ರ ಕಾಯಿದೆಯಂತೆ ಅಪರಾಧ. ಆಗ ಮಣ ಉಪ್ಪಿಗೆ ತೆರಿಗೆ ಒಂದೂಕಾಲು ರೂಪಾಯಿ. ಧನಿಕನ ಅಡುಗೆಮನೆಗೂ ಕೂಲಿಕಾರನ ಅಂಬಲಿಗೂ ಒಂದೇ ದರ. ರಾಜನೀತಿಯ ದೊಡ್ಡ ಮಾತು ತಿಳಿಯದ ತಾಯಂದಿರಿಗೂ ಈ ಅನ್ಯಾಯ ತಿಳಿಯುತ್ತಿತ್ತು. ಏಪ್ರಿಲ್ 6ರಂದು ದಂಡಿಯಲ್ಲಿ ಕಾಯಿದೆಯ ಭಂಗವಾಯಿತು. ಒಂದು ವಾರದೊಳಗೆ, 13ರಂದು, ನಮ್ಮ ಅಂಕೋಲೆಯಲ್ಲಿಯೂ ಆಯಿತು.

ಉಪ್ಪಿನ ತೆರಿಗೆ ಸಾಮಾನ್ಯರ ಕಣ್ಣಿಗೆ ಕಾಣದೆ ಬೆಲೆಯೊಳಗೆ ಬೆರೆತಿದ್ದರೆ, ಒಕ್ಕಲಿಗನ ಕಣ್ಣೆದುರಿಗೇ ನಿಂತಿದ್ದುದು ಭೂಕಂದಾಯ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿದ್ದುದು ರೈತವಾರಿ ಪದ್ಧತಿ. ಮೋಜಣಿ ಮಾಡಿ, ಮಣ್ಣಿನ ಗುಣ ನೋಡಿ, ಸಾಮಾನ್ಯವಾಗಿ ಮೂವತ್ತು ವರ್ಷಗಳ ಅವಧಿಗೆ ಆಕಾರ ಗೊತ್ತುಪಡಿಸುತ್ತಿದ್ದರು. ಬೆಳೆ ಬರಲಿ, ಬಾರದಿರಲಿ, ಕಂತಿನ ದಿನ ಚಾವಡಿಗೆ ಹಣ ಬರಬೇಕು; ಸೂಟು ಕೊಡುವುದು ಬಿಡುವುದು ಸರಕಾರದ ಮರ್ಜಿ. ಗೌಡ, ಕುಲಕರ್ಣಿಯರ ಕೈಯಿಂದ ಆ ಹಣ ತಾಲೂಕಿನ ಖಜಾನೆಗೆ ಹೋಗುತ್ತಿತ್ತು. ಕೊಡದವನ ಹೊಲ ಜಪ್ತಿಯಾಗಿ ಹರಾಜಿಗೆ ಬರುತ್ತಿತ್ತು. ಅಂಕೋಲೆ, ಸಿದ್ದಾಪುರಗಳ ಒಕ್ಕಲು ಮನೆತನಗಳು ಕರನಿರಾಕರಣೆಯಲ್ಲಿ ಭೂಮಿಯನ್ನೇ ಕಳೆದುಕೊಂಡದ್ದನ್ನು ಆ ಕಡೆಯ ವೃದ್ಧರು ಬಹುಕಾಲ ನೆನೆಯುತ್ತಿದ್ದರು. ಮಹಾದೇವಪ್ಪನವರ ಕೊನೆಯ ಸಾಹಸ ಅರ್ಥವಾಗಬೇಕಾದರೆ ಈ ಕಂದಾಯದ ಹಣದ ಸ್ವರೂಪವನ್ನು ತಿಳಿದಿರಬೇಕು.

ದಂಡಿಯಿಂದ ಮರಳಿದ ಮೇಲೆ ಸೆರೆಮನೆ, ಬಿಡುಗಡೆ, ಮತ್ತೆ ಸೆರೆಮನೆ. ಮಧ್ಯದ ಕಾಲದಲ್ಲಿ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿಕೊಂಡು ಖಾದಿ ಮತ್ತು ಗ್ರಾಮಸೇವೆಯಲ್ಲಿ ತೊಡಗಿದರು. ಧರ್ಮಪತ್ನಿ ಸಿದ್ದಮ್ಮನವರೂ ಆಶ್ರಮಜೀವನ ನಡೆಸಿದವರು, ಸೆರೆವಾಸ ಕಂಡವರು. ಈ ದಂಪತಿಗಳ ಸಂಸಾರದಲ್ಲಿ ಒಬ್ಬರು ಹೊರಗಿದ್ದಾಗ ಇನ್ನೊಬ್ಬರು ಒಳಗೆ. ನಮ್ಮ ಚರಿತ್ರಕಾರರು ಪುರುಷನ ಸಾಹಸವನ್ನು ಪುಟಗಟ್ಟಲೆ ಬರೆದು ಇಂಥ ಗೃಹಿಣಿಯರಿಗೆ ಒಂದು ಸಾಲನ್ನು ಮೀಸಲಿಡುತ್ತಾರೆ.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ 'ಭಾರತ ಬಿಟ್ಟು ತೊಲಗಿ' ಠರಾವು ಅಂಗೀಕಾರವಾಯಿತು. ಮರುದಿನ ಬೆಳಗಾಗುವುದರೊಳಗೆ ನಾಯಕರೆಲ್ಲ ಬಂಧಿತರಾಗಿದ್ದರು. ಗಾಂಧೀಜಿಯವರು ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂದಿಯಾದರು. ಹೇಳುವವರಿಲ್ಲದ ಆ ಹೊತ್ತಿನಲ್ಲಿ ಕಾರ್ಯಕರ್ತರು ತಮ್ಮ ತಮ್ಮ ಬುದ್ಧಿಗೆ ತೋಚಿದಂತೆ ಅಹಿಂಸೆಯನ್ನು ಅರ್ಥೈಸಿಕೊಂಡರು. 'ಹರಿಜನ' ಪತ್ರಿಕೆಯ ಹೊಣೆ ಹೊತ್ತಿದ್ದ ಕಿಶೋರಲಾಲ ಮಶ್ರೂವಾಲಾ ಅವರಂಥ ನಿಷ್ಠ ಗಾಂಧೀವಾದಿಗಳೇ, ಪ್ರಾಣಹಾನಿಯಾಗದಂತೆ ತಂತಿ ಕತ್ತರಿಸುವುದು, ಹಳಿ ಕೀಳುವುದು ಸಲ್ಲುತ್ತದೆಂಬ ಅಭಿಪ್ರಾಯ ಬರೆದರು. ತಮ್ಮ ನಿರ್ಣಯ ತಪ್ಪಾಗಿತ್ತೆಂದು ಆಮೇಲೆ ಅವರೇ ಒಪ್ಪಿಕೊಂಡರು. ಧಾರವಾಡ ಜಿಲ್ಲೆಯಲ್ಲಿ ಮಹಾದೇವಪ್ಪನವರು ಭೂಗತರಾಗಿ, ಸಂಗಡಿಗರ ತಂಡ ಕಟ್ಟಿ, ಸರಕಾರದ ಆಡಳಿತಯಂತ್ರವನ್ನು ಹಳ್ಳಿಗಳಲ್ಲಿ ನಿಲ್ಲಿಸುವ ಕಾರ್ಯಕ್ಕೆ ಇಳಿದರು.

1943ರ ಏಪ್ರಿಲ್ 1. ವರದಾ ನದಿಯ ತೀರದ ಹೊಸರಿತ್ತಿಯಲ್ಲಿ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇರಿಸಿದ್ದರು. ದೇವರ ಮನೆಯನ್ನು ಖಜಾನೆಯಾಗಿಸಿಕೊಂಡ ಆ ಆಡಳಿತದ ಧೋರಣೆಯನ್ನು ಏನೆನ್ನೋಣ! ಮಹಾದೇವಪ್ಪನವರ ತಂಡ ಅಲ್ಲಿಗೆ ನುಗ್ಗಿತು. ಕಾವಲಿನವರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರೂ ಪ್ರಾಣ ತೆತ್ತರು. ಮಹಾದೇವಪ್ಪನವರಿಗೆ ಆಗ ಮೂವತ್ತೊಂದು ವರ್ಷ. ಮಡಿವಾಳ ಮಾಚಿದೇವರ ಹೆಸರು ಕೇಳಿ ಬೆಳೆದ ನಾವು, ಆ ಕಾಯಕದ ಮನೆಯ ಹೆಸರು ಹಿರೇಮಠದ ಹೆಸರಿನ ಪಕ್ಕದಲ್ಲಿಯೇ ಹುತಾತ್ಮರ ಸಾಲಿನಲ್ಲಿ ನಿಂತದ್ದನ್ನು ಗಮನಿಸದೆ ಹೋಗಬಾರದು.

ಇಲ್ಲಿಯೇ ಇದೆ ನಾವು ಹೇಳಲು ಹಿಂಜರಿಯುವ ಉಳಿದರ್ಧ. ಆ ವರ್ಷದ ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ ಗಾಂಧೀಜಿಯವರು ಬಂಧನದಲ್ಲಿಯೇ ಉಪವಾಸವಿದ್ದರು. 1942ರ ಹಿಂಸೆಗೆಲ್ಲ ಅವರೇ ಕಾರಣರೆಂದು ಸರಕಾರ ಹೊರಿಸಿದ ಆರೋಪವೇ ಅದರ ಹಿನ್ನೆಲೆ. ಉಪವಾಸ ಮುಗಿದು ತಿಂಗಳು ತುಂಬುವ ಮೊದಲೇ, ಅವರೊಡನೆ ದಂಡಿಗೆ ನಡೆದ ಶಿಷ್ಯ ಕಂದಾಯದ ಹಣದ ಮೇಲೆ ದಾಳಿ ಮಾಡಿ ಮಡಿದರು. 1944ರ ಮೇ ತಿಂಗಳಲ್ಲಿ ಬಿಡುಗಡೆಯಾದ ಗಾಂಧೀಜಿಯವರು ಭೂಗತ ಕಾರ್ಯಕರ್ತರ ಧೈರ್ಯವನ್ನು ಮೆಚ್ಚಿದರು. ಗುಪ್ತಕಾರ್ಯವನ್ನೂ ವಿಧ್ವಂಸವನ್ನೂ ಒಪ್ಪಲಿಲ್ಲ, ಬಯಲಿಗೆ ಬಂದು ಸೆರೆಯಾಗಿರೆಂದರು. ಅಷ್ಟರಲ್ಲಿ ಹೊಸರಿತ್ತಿಯ ಮೂವರಿಗೆ ಆ ಮಾತನ್ನು ಕೇಳುವ ಕಿವಿ ಉಳಿದಿರಲಿಲ್ಲ.

ಗುರುವಿನ ಮಾತು ದಾಟಿದ ಶಿಷ್ಯನೆಂದು ಇವರನ್ನು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ. ದಾಳಿಯ ವಿಷಯವನ್ನು ಮರೆಮಾಚಿ ಬರಿಯ ದಂಡಿಯ ಹುಡುಗನನ್ನಾಗಿ ಪೂಜಿಸುವುದೂ ಒಪ್ಪಿಗೆಯಿಲ್ಲ. ಮೈಸೂರು ಸಂಸ್ಥಾನದ ಈಸೂರಿನಲ್ಲಿ 1942ರ ಸೆಪ್ಟೆಂಬರದಲ್ಲಿ ರೊಚ್ಚಿಗೆದ್ದ ಜನರ ಕೈಯಿಂದ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿನಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಹೊಸರಿತ್ತಿಯದು ಆ ಬಗೆಯ ರೊಚ್ಚಲ್ಲ. ಅಲ್ಲಿ ಗುರಿಯಾದದ್ದು ಮನುಷ್ಯನಲ್ಲ, ರೈತನಿಂದ ವಸೂಲಾದ ಹಣ. ಹದಿನೆಂಟರಲ್ಲಿ ಉಪ್ಪಿನ ಕರವನ್ನು ಧಿಕ್ಕರಿಸಿದವರು ಮೂವತ್ತೊಂದರಲ್ಲಿ ಮಣ್ಣಿನ ಕರವನ್ನು ಧಿಕ್ಕರಿಸಿದರು. ಆದರೂ ಬಂದೂಕು ಹಿಡಿದ ಕಾವಲಿರುವಲ್ಲಿಗೆ ನುಗ್ಗಿದ ಮೇಲೆ, ಯಾರ ಪ್ರಾಣವೂ ಹೋಗದೆಂಬ ಭರವಸೆಯನ್ನು ಯಾರು ಕೊಡಬಲ್ಲರು? ಆ ಕಾವಲಿನವನೂ ಹೊಟ್ಟೆಪಾಡಿಗೆ ಸರಕಾರದ ಸಂಬಳ ಹಿಡಿದ ನಮ್ಮ ನಾಡಿನವನೇ ಅಲ್ಲವೇ? ಈ ಪ್ರಶ್ನೆಯನ್ನು ಮಹಾದೇವಪ್ಪನವರು ಕೇಳಿಕೊಂಡಿರಲಾರರೆಂದು ಆಶ್ರಮದಲ್ಲಿ ಬೆಳೆದ ಅವರ ಬಗೆಗೆ ನಾನು ನಂಬಲಾರೆ.

ಹಾವೇರಿಯಲ್ಲಿ ಈ ಹುತಾತ್ಮರ ಸ್ಮಾರಕವಾದ ವೀರಸೌಧವಿದೆ. ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವೆಂಬ ವಸತಿಶಾಲೆ ನಡೆಯುತ್ತಿದೆ. ಗುಂಡು ಹಾರಿದ ಊರಿನಲ್ಲಿಯೇ, ಗಾಂಧೀಜಿಯವರ ಹೆಸರಿನ ಶಾಲೆಯಲ್ಲಿ ಮಕ್ಕಳು ಓದುತ್ತಿದ್ದಾರೆ.