ಬೀದಿಯಲ್ಲಿ ಮಲಗುವ ಕಾರಿಗೆ ಕರೆಂಟ್ ಎಲ್ಲಿಂದ?

ಮಾವಳ್ಳಿಯಲ್ಲಿ ಕಾರು ಕೊಳ್ಳುವುದು ಕಷ್ಟವಲ್ಲ, ಅದನ್ನು ಮಲಗಿಸುವುದು ಕಷ್ಟ. ಭಾನುವಾರ ಬೆಳಿಗ್ಗೆ ಎಂ.ಟಿ.ಆರ್. ಮುಂದೆ ದೋಸೆಗಾಗಿ ನಿಲ್ಲುವ ಸಾಲಿಗಿಂತ ಉದ್ದನೆಯ ಸಾಲು ಒಳಬೀದಿಗಳಲ್ಲಿ ರಾತ್ರಿ ನಿಲ್ಲುವ ವಾಹನಗಳದ್ದು. ಸೈಕಲ್ಲಿನ ಕಾಲದಲ್ಲಿ ಅಳತೆ ಹಾಕಿದ ನಿವೇಶನಗಳು. ಗ್ಯಾರೇಜಿನ ಯೋಚನೆ ಯಾರಿಗಿತ್ತು?

ಇಂಥ ಬೀದಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರು ನಿವೃತ್ತ ಗುಮಾಸ್ತರು, ಲೆಕ್ಕದಲ್ಲಿ ಗಟ್ಟಿ. ತಿಂಗಳಿಗೆ 600 ಕಿಲೋಮೀಟರ್ ಓಡಾಟ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಾದರೆ 40 ಲೀಟರ್ ಬೇಕು. 103 ರೂಪಾಯಿಯಂತೆ 4,120 ರೂಪಾಯಿ. ವಿದ್ಯುತ್ ಕಾರಿಗೆ, ಸೋರಿಕೆಯೂ ಸೇರಿ, ನೂರು ಯೂನಿಟ್ ಸಾಕು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ 700. ತೆರಿಗೆ ರಿಯಾಯಿತಿ ಕಳೆದು ವಿದ್ಯುತ್ ಕಾರಿನ ಬೆಲೆ ಮೂರು ಲಕ್ಷ ಹೆಚ್ಚೆಂದುಕೊಂಡರೆ, ಆ ಹಣ ಹಿಂದಿರುಗಲು ಏಳು ವರ್ಷದ ಮೇಲೆ ಸ್ವಲ್ಪ. ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಗ್ಯಾರಂಟಿ ಎಂಟು ವರ್ಷ. ಸರಿಯಾಯಿತಲ್ಲ ಎಂದು ಯಜಮಾನರು ಪೆನ್ನು ಮುಚ್ಚುತ್ತಾರೆ.

"ರೀ, ಹಾಗಾದ್ರೆ ಫ್ರೀ ಕರೆಂಟು?" ಎನ್ನುತ್ತಾರೆ ಮನೆಯಾಕೆ. ಪೆನ್ನು ಮತ್ತೆ ತೆರೆಯಬೇಕಾಗುತ್ತದೆ.

2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಗಡಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಇಡೀ ಬಿಲ್ಲನ್ನೇ ಕಟ್ಟಬೇಕು. 130 ಯೂನಿಟ್ ಉರಿಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆಗೆ ಕಾರಿನ ನೂರು ಸೇರಿದರೆ 230. ಅದೇ ಏಳರ ದರದಲ್ಲಿ 1,610 ರೂಪಾಯಿ. ಕಾರು ಕುಡಿದದ್ದು 700ರ ಕರೆಂಟು, ಮನೆ ತೆತ್ತದ್ದು ಅದರ ಎರಡರಷ್ಟಕ್ಕೂ ಮೇಲೆ! ಮೂರು ಲಕ್ಷ ಹಿಂದಿರುಗಲು ಈಗ ಹತ್ತು ವರ್ಷ. ಸಾಲ ಮಾಡಿ ಕೊಂಡಿದ್ದರೆ ಬಡ್ಡಿಯ ಮಾತು ಬೇರೆ. ಶೇಕಡಾ 9ರಂತೆ ಆ ಮೂರು ಲಕ್ಷಕ್ಕೇ ಮೊದಲ ವರ್ಷ 27,000.

ಇದೂ ಮನೆಯ ಪ್ಲಗ್ಗಿನಿಂದ ವೈರು ಕಾರಿಗೆ ಮುಟ್ಟುತ್ತದೆ ಎಂದಾದರೆ. ಮಹಡಿಯಿಂದ ಇಳಿಬಿಟ್ಟು ಕಾಲುದಾರಿಯ ಮೇಲೆ ಹಾಯಿಸಿದ ವೈರನ್ನು ಮಳೆಗಾಲದಲ್ಲಿ ದಾಟುವವರ ಗತಿಯೇನು? ಸಾರ್ವಜನಿಕ ಚಾರ್ಜಿಂಗ್ ಕೇಂದ್ರಕ್ಕೆ ಹೋಗಿ ಯೂನಿಟ್ಟಿಗೆ 20 ರೂಪಾಯಿ ಕೊಟ್ಟರೆ ತಿಂಗಳಿಗೆ 2,000. ಅಸಲು ಕೈಸೇರಲು ಹನ್ನೆರಡು ವರ್ಷ ಬೇಕು. ಅದೇ ತಿಂಗಳಿಗೆ 1,500 ಕಿ.ಮೀ. ಓಡಿಸುವ, ಸ್ವಂತ ಗ್ಯಾರೇಜಿನಲ್ಲಿ ಏಳು ರೂಪಾಯಿಯ ಕರೆಂಟು ತುಂಬಿಸುವವರಿಗೆ ಮೂರೇ ವರ್ಷ. ಅಂದರೆ ಈ ಕಾರಿನ ಲಾಭ ಎಂಜಿನ್ನಿನಲ್ಲಿಲ್ಲ, ಗೋಡೆಯಲ್ಲಿದೆ. ಬಾಡಿಗೆ ಮನೆಯವರ ಪಾಲಿಗೆ ಗೋಡೆಯೂ ಮಾಲೀಕರದ್ದೇ.

ಬೆಂಗಳೂರಿಗೆ ಈ ಪಾಠ ಹೊಸದಲ್ಲ. 2001ರಲ್ಲಿ ಚೇತನ್ ಮೈನಿಯವರ ರೇವಾ ರಸ್ತೆಗಿಳಿದಾಗ, ಗಲ್ಲಿಯಲ್ಲಿ ಆಟಿಕೆಯಂತೆ ತಿರುಗುವ ಆ ಪುಟ್ಟ ಕಾರನ್ನು ಜನ ನಿಂತು ನೋಡಿದರು. ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿ, ಒಮ್ಮೆ ತುಂಬಿಸಿದರೆ 80 ಕಿ.ಮೀ. ದಿನದ ಖರ್ಚು ಕಾಫಿಗಿಂತ ಕಡಿಮೆ. ಆದರೆ ಕೆಲವು ವರ್ಷಕ್ಕೊಮ್ಮೆ ಎಂಟೂ ಬ್ಯಾಟರಿಗಳನ್ನು ಬದಲಿಸುವ ದಿನ ಬರುತ್ತಿತ್ತು. ಉಳಿಸಿದ ಪೆಟ್ರೋಲಿನ ದುಡ್ಡು ಅಲ್ಲಿಗೆ. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಿದ ಕಾರು ಅದು. 2010ರಲ್ಲಿ ಕಂಪನಿ ಮಹೀಂದ್ರದ ಕೈಸೇರಿತು. ಇಂದಿನ ಲಿಥಿಯಂ ಬ್ಯಾಟರಿ ಅದಕ್ಕಿಂತ ಬಹುಪಾಲು ಗಟ್ಟಿ, ನಿಜ. ಎಂಜಿನ್ ಆಯಿಲ್, ಕ್ಲಚ್ ಪ್ಲೇಟುಗಳ ಕಾಟವೂ ಇಲ್ಲ, ಪಕ್ಕದ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಇದು ಸಿಹಿ ಸುದ್ದಿಯಲ್ಲ.

ಹಾಗಿದ್ದರೆ ಕಾರೇ ಬೇಡವೆಂದರೆ? 13 ಲಕ್ಷದ ಕಾರನ್ನು ಎಂಟು ವರ್ಷದ ನಂತರ ಮೂರು ಲಕ್ಷಕ್ಕೆ ಮಾರಿದರೆ ತಿಂಗಳಿಗೆ 10,400 ರೂಪಾಯಿ ಸುಮ್ಮನೆ ಕರಗಿದಂತೆ. ಕರೆಂಟು, ವಿಮೆ ಇನ್ನೂ ಸೇರಿಲ್ಲ. 2025ರ ಆಗಸ್ಟ್‌ನಲ್ಲಿ ನಿಗದಿಯಾದ ಆಟೊ ದರ ಕಿಲೋಮೀಟರಿಗೆ 18 ರೂಪಾಯಿ. ಅದೇ 600 ಕಿ.ಮೀ.ಗೆ 10,800. ಮೀಟರ್ ಹಾಕುವ ಆಟೊ ಸಿಗಬೇಕು, ಅಷ್ಟೆ.

ಮೆಟ್ರೊ ಇನ್ನೂ ಅಗ್ಗ. ಲಾಲ್‌ಬಾಗ್ ನಿಲ್ದಾಣ 2017ರಲ್ಲೇ ತೆರೆಯಿತು. ಅಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಹಿಡಿದರೆ ಕೊನೆಯ ನಿಲ್ದಾಣ ಬೊಮ್ಮಸಂದ್ರ. ರೇವಾ ತಯಾರಾಗುತ್ತಿದ್ದ ಊರು ಅದೇ.