ಪಾಲುಪತ್ರದ ಬಲ

ಖಾನಾಪುರ ರಸ್ತೆಯ ಉದ್ಯಮಬಾಗವು ಎರಕದ ಕುಲುಮೆಗಳಿಗೂ ಲೇತು ಯಂತ್ರಗಳಿಗೂ ಹೆಸರಾದ ನೆಲೆ. ಅಲ್ಲಿಯ ಹಲವು ಕಾರ್ಖಾನೆಗಳು ಮನೆತನದ ಬಂಡವಾಳದಿಂದಲೇ ಬೆಳೆದವು. ಬೆಮ್ಕೊ ಹೈಡ್ರಾಲಿಕ್ಸ್‌ನಂತೆ ಮುಂಬಯಿ ಷೇರುಪೇಟೆಯಲ್ಲಿ ನಮೂದಾದ ಸಂಸ್ಥೆಯೂ ಅಲ್ಲುಂಟು. ಇಂತಹ ಸಂಸ್ಥೆಗಳಲ್ಲಿ ಪಾಲು ಕೊಂಡವರಿಗೆ ಹಿಂದೆ ಮುದ್ರೆಯೊತ್ತಿದ ಷೇರುಪತ್ರವೊಂದು ಬರುತ್ತಿತ್ತು. ಆ ಪತ್ರಕ್ಕೆ ಆಗ ಎಂತಹ ಬಲವಿತ್ತು, ಇಂದು ಆ ಬಲವು ಎಲ್ಲಿ ನೆಲೆಸಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ರವಿವಾರಪೇಟೆಯ ವರ್ತಕನೊಬ್ಬನು ತನ್ನ ಅಂಗಡಿಯಲ್ಲಿ ಒಂದು ಪೆಂಟೆ ಬೆಲ್ಲವೂ ಇಲ್ಲದಿರುವಾಗ ನೂರು ಪೆಂಟೆಗಳನ್ನು ಇಂದಿನ ಧಾರಣೆಗೆ ಮಾರಿದನೆನ್ನೋಣ. ವಾಯಿದೆಯ ದಿನಕ್ಕೆ ಧಾರಣೆ ಇಳಿದರೆ ಅಗ್ಗವಾಗಿ ಕೊಂಡು ಒಪ್ಪಿಸಿ, ನಡುವಣ ಅಂತರವನ್ನು ಲಾಭವಾಗಿ ಉಳಿಸಿಕೊಳ್ಳುತ್ತಾನೆ. ಏರಿದರೆ ಕೈಯಿಂದ ತೆರುತ್ತಾನೆ. ಷೇರುಪೇಟೆಯಲ್ಲಿ ಬೆಲೆ ಇಳಿಯಲೆಂದು ಹೀಗೆ ಮಾರುವವರಿಗೆ ‘ಕರಡಿ’ಗಳೆಂದು ಹೆಸರು. ಮಿತಿಯಲ್ಲಿದ್ದರೆ ಈ ಮಾರಾಟವು ಬೆಲೆಯ ಅತಿಯಾದ ಉಬ್ಬರವನ್ನು ತಗ್ಗಿಸೀತು. ಆದರೆ ಇಲ್ಲದ ಸರಕು ಇರುವ ಸರಕಿನೊಡನೆ ಬೆರೆತು ಪೇಟೆಗೆ ಸುರಿದಾಗ, ನಿಜವಾದ ಒಡೆಯನ ಪಾಲು ಅಕಾರಣವಾಗಿ ಬೆಲೆಗೆಡುತ್ತದೆ. ಆಗ ಕೊಂಡವನಿಗೆ ಉಳಿಯುವ ಅಸ್ತ್ರ ಒಂದೇ: “ಅಂತರದ ಹಣ ಬೇಡ, ವಸ್ತುವನ್ನೇ ಕೊಡು.”

1982ರ ಮಾರ್ಚ್ 18ರಂದು ಮುಂಬಯಿಯಲ್ಲಿ ಇದೇ ನಡೆಯಿತು. ಕರಡಿಗಳ ಕೂಟವೊಂದು ರಿಲಯನ್ಸ್ ಸಂಸ್ಥೆಯ ಸುಮಾರು 3.5 ಲಕ್ಷ ಷೇರುಗಳನ್ನು ಹಠಾತ್ತನೆ ಮಾರಿತು. 131 ರೂಪಾಯಿಯಿದ್ದ ಬೆಲೆ 121ಕ್ಕೆ ಕುಸಿಯಿತು. ಧೀರೂಭಾಯಿ ಅಂಬಾನಿಯವರ ಪರವಾದ ದಲಾಲರು ಮಾರಿದ್ದನ್ನೆಲ್ಲ ಕೊಳ್ಳುತ್ತ ಹೋದರು. ಆ ಕಾಲದಲ್ಲಿ ‘ಬದ್ಲಾ’ ಎಂಬ ಶುಲ್ಕ ತೆತ್ತು, ಲೆಕ್ಕವನ್ನು ಮುಂದಿನ ಗಡುವಿಗೆ ತಳ್ಳುವ ರೂಢಿಯಿತ್ತು. ಏಪ್ರಿಲ್ 30ರಂದು ಕೊಂಡವರು ಸುಲಭವಾಗಿ ಗಡುವು ಕೊಡದೆ, ಪತ್ರಗಳನ್ನೇ ಕೇಳಿದರು. ಮಾರಿದವರಲ್ಲಿ ಪತ್ರಗಳಿರಲಿಲ್ಲ. ಅವರು ಷೇರುಗಳಿಗಾಗಿ ಅಲೆದಾಡಿದಂತೆ ಬೆಲೆ ಏರಿತು. ಪೇಟೆಯನ್ನೇ ಮೂರು ದಿನ ಮುಚ್ಚಬೇಕಾಯಿತು.

ಅಮೆರಿಕದಲ್ಲಿ 2021ರಲ್ಲಿ ಗೇಮ್‌ಸ್ಟಾಪ್ ಸಂಸ್ಥೆಯ ಸಣ್ಣ ಪಾಲುದಾರರು ಇದೇ ಜಾಡು ಹಿಡಿದರು. ಅಲ್ಲಿ ಷೇರುಗಳು ಸಾಮಾನ್ಯವಾಗಿ ದಲಾಲಿ ಸಂಸ್ಥೆಯ ಮೂಲಕ ಬೇರೊಂದು ಹೆಸರಿನಲ್ಲಿರುತ್ತವೆ. ಸಾಲದ ಖಾತೆಯಲ್ಲಿದ್ದರೆ ಅವನ್ನು ಕರಡಿಗಳಿಗೆ ಎರವಲು ಕೊಡಲೂ ಬಹುದು. ಇದನ್ನರಿತ ಪಾಲುದಾರರು ಸಂಸ್ಥೆಯ ದಫ್ತರದಲ್ಲಿ ತಮ್ಮ ಸ್ವಂತ ಹೆಸರನ್ನೇ ಬರೆಸಿಕೊಂಡರು. ಅದೇ ಅಕ್ಟೋಬರ್ ಅಂತ್ಯಕ್ಕೆ ಅಂತಹ ಷೇರುಗಳು 52 ಲಕ್ಷವಾಗಿದ್ದವು. ಇಲ್ಲಿ ಕೇಳಿದ್ದು ಕಾಗದವನ್ನಲ್ಲ, ಹೆಸರನ್ನು.

ಪತ್ರದ ಬಲವು ಕಾಗದದಲ್ಲಿರಲಿಲ್ಲ, ಒಡೆತನ ಯಾರದೆಂದು ನಿಸ್ಸಂದಿಗ್ಧವಾಗಿ ಹೇಳುವುದರಲ್ಲಿತ್ತು ಎಂಬುದು ಇದರಿಂದ ಸ್ಪಷ್ಟ. ನಮ್ಮ ದೇಶದಲ್ಲಿ 1996ರ ಡಿಪಾಸಿಟರಿ ಕಾಯಿದೆಯು ಆ ಬಲವನ್ನು ಡಿಮ್ಯಾಟ್ ಖಾತೆಗೆ ವರ್ಗಾಯಿಸಿತು. ಖಾತೆಯು ಪಾಲುದಾರನ ಹೆಸರಿನಲ್ಲೇ ಇರುತ್ತದೆ. ಅವನ ಒಪ್ಪಿಗೆಯಿಲ್ಲದೆ ಅದರ ಷೇರುಗಳನ್ನು ಎರವಲು ಕೊಡುವಂತಿಲ್ಲ. ಬದ್ಲಾ ಪದ್ಧತಿ 2001ರಲ್ಲಿ ನಿಂತಿತು. ಇಂದು ಮಾರಿದವನು ಗಡುವಿಗೆ ಷೇರು ಒಪ್ಪಿಸದಿದ್ದರೆ, ಪೇಟೆಯೇ ಹರಾಜಿನಲ್ಲಿ ಕೊಂಡು, ನಷ್ಟವನ್ನು ಅವನ ಮೇಲೆ ಹೊರಿಸುತ್ತದೆ.

ಆದರೆ ಪೆಟ್ಟಿಗೆಯಲ್ಲಿ ಉಳಿದ ಹಳೆಯ ಪತ್ರವು ಈಗ ಒಡೆಯನಿಗೇ ತೊಡಕಾಗುವ ಸಂಭವವುಂಟು. ಷೇರುಪೇಟೆಯಲ್ಲಿ ನಮೂದಾದ ಸಂಸ್ಥೆಗಳ ಕಾಗದದ ಷೇರುಗಳನ್ನು ಮಾರಿ ಹೆಸರು ಬದಲಿಸುವುದು 2019ರ ಏಪ್ರಿಲ್ 1ರಿಂದ ನಿಂತಿದೆ. ಲಾಭಾಂಶವನ್ನು ಸತತ ಏಳು ವರ್ಷ ಪಡೆಯದಿದ್ದರೆ, 2013ರ ಕಂಪನಿ ಕಾಯಿದೆಯಂತೆ ಆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ ಸೇರುತ್ತವೆ. ಮರಳಿ ಪಡೆಯಲು ಅರ್ಜಿ, ದಾಖಲೆಗಳೊಡನೆ ಹೋಗಬೇಕು. ಒಡೆಯರು ತೀರಿಕೊಂಡಿದ್ದರೆ ವಾರಸುದಾರರಿಗೆ ಶ್ರಮ ಇಮ್ಮಡಿ.

ಆದಕಾರಣ ವಾಚಕ ಮಹಾಶಯರಲ್ಲಿ ನಮ್ಮದೊಂದು ವಿನಂತಿ. ಹಿರಿಯರು ದುಡಿದು ಕೊಂಡ ಪಾಲುಗಳ ಪತ್ರಗಳು ಮನೆಯಲ್ಲಿದ್ದರೆ ಇಂದೇ ತೆಗೆದು ನೋಡಿ, ಅವನ್ನು ಸ್ವಂತ ಹೆಸರಿನ ಖಾತೆಗೆ ಸೇರಿಸಿಕೊಳ್ಳಿರಿ, ನಾಮನಿರ್ದೇಶನವನ್ನೂ ಮಾಡಿಸಿರಿ. ವಸ್ತುವನ್ನೇ ಕೊಡೆಂದು ಕೇಳುವ ಅಧಿಕಾರ ಉಳಿಯುವುದು, ತನ್ನ ವಸ್ತು ಎಲ್ಲಿದೆಯೆಂದು ಬಲ್ಲವನಿಗೆ ಮಾತ್ರ.