ಬ್ಯಾಂಡ್ ಸೆಟ್‌ನವನು ಡಿಜೆ ಆದಾಗ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ‘ಡಿಜೆ ಬಂತು’ ಅಂದ್ರೆ ಬಂದಿದ್ದು ಮನುಷ್ಯ ಅಲ್ಲ, ಗಾಡಿ! ಸ್ಪೀಕರ್‌ಗಳ ಗೋಡೆ, ಜೊತೆಗೊಂದು ಜನರೇಟರ್. ಆ ಗೋಡೆ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತವನ ಕಡೆ ಇವತ್ತು ಕ್ಯಾಮೆರಾ ತಿರುಗಿಸೋಣ. ಎಷ್ಟೋ ಸಲ ಆತ ಇಂಥದ್ದೇ ಮೆರವಣಿಗೆಗಳಲ್ಲಿ ಬ್ಯಾಂಡ್ ಸೆಟ್‌ನ ಕೀಬೋರ್ಡ್ ನುಡಿಸುತ್ತಿದ್ದವನು.

‘ವಾದ್ಯ ಬಿಟ್ಟ, ಬಟನ್ ಒತ್ತೋದು ಕಲಿತ’ ಅಂತ ಹಂಗಿಸೋರಿದ್ದಾರೆ. ಸ್ವಲ್ಪ ತಡೀರಿ. ಮದುಮಗನ ಗೆಳೆಯರು ಕುಣಿಯೋಕೆ ಶುರು ಮಾಡಿದರೆ ಬ್ಯಾಂಡ್ ಮಾಸ್ಟರ್ ಏನು ಮಾಡ್ತಾರೆ? ಹಾಡು ಮುಂದಕ್ಕೆ ಒಯ್ಯಲ್ಲ, ಅದೇ ಬಿಟ್ ಮತ್ತೆ ಮತ್ತೆ ನುಡಿಸ್ತಾರೆ. 1970ರ ದಶಕದಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಮಾಡಿದ್ದೂ ಇದನ್ನೇ. ಒಂದೇ ರೆಕಾರ್ಡಿನ ಎರಡು ಪ್ರತಿ, ಎರಡು ಟರ್ನ್‌ಟೇಬಲ್; ಡ್ರಮ್ ಬರೋ ತುಣುಕನ್ನ ಮಾತ್ರ ಎಳೆದೂ ಎಳೆದೂ ಹಾಕಿದ. ಹಿಪ್‌ಹಾಪ್ ಹುಟ್ಟಿದ್ದು ಅಲ್ಲಿಂದಲೇ.

ಇನ್ನು ರಿಮಿಕ್ಸ್. ಒಂದು ಹಾಡು ನಿಮಿಷಕ್ಕೆ 96 ಬೀಟ್, ಇನ್ನೊಂದು 102 ಅಂತಿಟ್ಟುಕೊಳ್ಳಿ. ಎರಡನ್ನೂ ಸರಾಗವಾಗಿ ಸೇರಿಸಬೇಕಾದರೆ ವೇಗ ಒಂದೇ ಆಗಬೇಕು. ಹಳೇ ಪದ್ಧತಿಯಲ್ಲಿ ಮೊದಲನೆಯದನ್ನ ಶೇ. 6ರಷ್ಟು ಓಡಿಸಿದರೆ ಶ್ರುತಿಯೂ ಒಂದು ಮನೆ ಏರುತ್ತೆ, ಕರಿ ಎರಡು ಹೋಗಿ ಬಿಳಿ ಮೂರು! ಈಗ ಸಾಫ್ಟ್‌ವೇರ್ ಶ್ರುತಿ ಹಿಡಿದಿಟ್ಟು ವೇಗ ಮಾತ್ರ ಬದಲಿಸುತ್ತೆ. ಆದರೆ ಒಂದು ಹಾಡು ಆರು ಮಾತ್ರೆಯದು, ಇನ್ನೊಂದು ನಾಲ್ಕರದ್ದು ಆದರೆ ಬರೀ ವೇಗ ಕೂಡಿಸಿ ಪ್ರಯೋಜನವಿಲ್ಲ, ಕುಣಿಯೋರ ಕಾಲು ತಪ್ಪುತ್ತೆ. ಬ್ಯಾಂಡಿನಲ್ಲಿ ಪಳಗಿದ ಕಿವಿಗೆ ಅದು ಮೊದಲೇ ತಿಳಿಯುತ್ತೆ. ಬಟನ್ ಒತ್ತೋದಷ್ಟೇ ಕಲಿತವನಿಗೆ ತಿಳಿಯಲ್ಲ.

ಕಾನೂನಿನದ್ದೂ ಒಂದು ಮಾತು. ಮದುವೆ ಮೆರವಣಿಗೆಯಲ್ಲಿ ಹಾಡು ಹಾಕೋದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಅದೇ ಹಾಡನ್ನ ರಿಮಿಕ್ಸ್ ಮಾಡಿ ಯೂಟ್ಯೂಬ್‌ಗೆ ಏರಿಸಿದರೆ ಆ ವಿನಾಯಿತಿ ಜೊತೆಗೆ ಬರಲ್ಲ.

ನನಗೆ ಸಿಟ್ಟು ಬರೋದು ಸೌಂಡ್ ಪೈಪೋಟಿ ನೋಡಿದಾಗ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಆಂಪ್ಲಿಫೈಯರ್ ಪವರ್ ದುಪ್ಪಟ್ಟು ಮಾಡಿದರೆ ಹೆಚ್ಚೋದು ಬರೀ 3 ಡೆಸಿಬೆಲ್. ಕಿವಿಗೆ ‘ಡಬಲ್ ಆಯ್ತು’ ಅನಿಸೋಕೆ ಸುಮಾರು 10 ಡೆಸಿಬೆಲ್ ಬೇಕು, ಅಂದ್ರೆ ಹತ್ತು ಪಟ್ಟು ಪವರ್. ಸಾಲ ಮಾಡಿ ತಂದ ಸಬ್‌ವೂಫರ್ ದುಡ್ಡೆಲ್ಲ ಆ ಮೂರಕ್ಕೆ ಹೋಯ್ತು ಅಷ್ಟೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕವೇ ಇಲ್ಲ. ಆ ಗೋಡೆಗೆ ಎಲ್ಲರಿಗಿಂತ ಹತ್ತಿರ, ಎಲ್ಲರಿಗಿಂತ ಹೆಚ್ಚು ಹೊತ್ತು ಇರುವ ಕಿವಿ ಯಾರದ್ದು? ಆಪರೇಟರ್‌ದೇ. ಅವನ ದುಡಿಮೆ ನಿಂತಿರೋದೂ ಅದರ ಮೇಲೇ.

ಹಿಂದೆ ಬ್ಯಾಂಡ್ ಸೆಟ್ ಅಂದ್ರೆ ಹತ್ತು ಹನ್ನೆರಡು ಜನ, ಅಷ್ಟೂ ಮನೆಗೆ ಕೂಲಿ. ಈಗ ಆಪರೇಟರ್, ಡ್ರೈವರ್, ವೈರ್ ಹಿಡಿಯೋ ಹುಡುಗ. ಹಲಗೆ, ಡೋಲಿನವರನ್ನ ಕೆಲವು ಕಡೆ ಗಾಡಿ ಮುಂದೆ ನಿಲ್ಲಿಸಿಕೊಳ್ತಾರೆ, ಪುಣ್ಯ. ಕ್ಲಾರಿನೆಟ್‌ನವನನ್ನ ಮಾತ್ರ ಕರೆಯೋರಿಲ್ಲ. ಆ ಬೇಸ್ ಎದುರು ಅವನ ಉಸಿರು ಯಾರಿಗೆ ಕೇಳಿಸಬೇಕು?